ದ್ವೀಪದಲ್ಲೊಂದು ಸೈಟು

ದ್ವೀಪದಲ್ಲಿ ಮನೆ ಅಂದ್ರೆ ಮಾಲ್ಡೀವ್ಸೇ ಆಗಬೇಕಾ? ಕ್ಯಾತನಹಳ್ಳಿಯಿಂದ ಬೈಕಿನಲ್ಲಿ ಹೋಗಿಬರುವಷ್ಟು ದೂರದ ಶ್ರೀರಂಗಪಟ್ಟಣವೂ ದ್ವೀಪವೇ. ಕಾವೇರಿ ಎರಡು ಕವಲಾಗಿ ಊರನ್ನು ಬಳಸಿ, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ.

ಸೈಟು ಮಾರುವವರು ಹೇಳೋದ್ರಲ್ಲಿ ಸುಳ್ಳೇನಿಲ್ಲ. ಆದಿರಂಗನ ದೇವಸ್ಥಾನ, ಗಂಜಾಂನ ನಿಮಿಷಾಂಬ, 1784ರ ದರಿಯಾ ದೌಲತ್, ಪಕ್ಕದಲ್ಲೇ 2022ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿದ ರಂಗನತಿಟ್ಟು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೆಲ್ಲ ಎಲ್ಲಿ ಸಿಗುತ್ತೆ ಹೇಳಿ?

ಆದರೆ ವೀಕ್ಷಕರೇ, ಸೈಟಿಗೆ ಬೆಲೆ ತರುವ ಈ ಆಕರ್ಷಣೆಗಳೇ ಮನೆ ಕಟ್ಟಲು ಅಡ್ಡ ಬರಬಹುದು. 2010ರ ತಿದ್ದುಪಡಿಯಂತೆ, ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕೇ ಬೇಕು. ಕೋಟೆಯ ಊರಿನಲ್ಲಿ ಸ್ಮಾರಕಗಳಿಗೇನು ಬರವೇ?

ಇನ್ನು ನದಿ. ಮೇಲ್ಗಡೆಯೇ ಕೆಆರ್‌ಎಸ್. ಅಣೆಕಟ್ಟು 124.80 ಅಡಿ ತುಂಬಿದ ಮೇಲೆ ಬಂದ ನೀರನ್ನು ಬಿಡಲೇಬೇಕು. ಲೆಕ್ಕ ಹಾಕಿ: 1 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 28 ಲಕ್ಷ ಲೀಟರ್! ಬೇಸಿಗೆಯಲ್ಲಿ ಮೊಣಕಾಲುದ್ದ ಇದ್ದ ಹೊಳೆ ಆಗ ಹೇಗಿರುತ್ತೆ, ಯೋಚಿಸಿ.

ಹಾಗಂತ ಕೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಮೂರು ಕೆಲಸ ಮಾಡಿ. ಭೂಪರಿವರ್ತನೆ ಆದೇಶ ನೋಡಿ. ಸ್ಮಾರಕದಿಂದ ಇರುವ ದೂರವನ್ನು ಅಳತೆ ಮಾಡಿಸಿ. ಕೊನೆಗೆ, ಆ ಬೀದಿಯ ಹಿರಿಯರೊಬ್ಬರನ್ನು ಕೇಳಿ: "ಅಜ್ಜಾ, ಹೊಳೆ ಇಲ್ಲೀವರೆಗೆ ಬಂದಿತ್ತಾ?"

ಬ್ರೋಶರ್‌ನಲ್ಲಿ ಇಲ್ಲದ ಉತ್ತರ ಅಲ್ಲಿ ಸಿಗುತ್ತೆ.