ಎಡಮುರಿ, ಬಲಮುರಿ ಮತ್ತು ಪೈಯಾನ್

ಎತ್ತ ತಿರುಗಿಸಿದರೂ ಬದಲಾಗದೆ, ಕನ್ನಡಿ ಹಿಡಿದಾಗ ಮಾತ್ರ ಚಿಹ್ನೆ ಬದಲಿಸುವ ಸಂಖ್ಯೆಗೆ ಹುಸಿ ಅದಿಶ, ಅಂದರೆ ಸ್ಯೂಡೋಸ್ಕೇಲಾರ್, ಎಂದು ಹೆಸರು. ದ್ರವ್ಯರಾಶಿ, ಉಷ್ಣತೆಗಳಂಥ ನಿಜ ಅದಿಶಗಳಿಗೆ ಕನ್ನಡಿಯ ಹಂಗಿಲ್ಲ. ಹತ್ತು ಕಿಲೋ ಕೊಬ್ಬರಿ ಕನ್ನಡಿಯೊಳಗೂ ಹತ್ತು ಕಿಲೋ.

ಬಾಣಾವರ, ಅರಸೀಕೆರೆ ಸೀಮೆಯ ತೆಂಗಿನ ತೋಟದಲ್ಲೇ ಹುಸಿ ಅದಿಶ ಕಾಣಸಿಗುತ್ತದೆ. ತೆಂಗಿನ ಪ್ರತಿ ಗರಿಯೂ ಹಿಂದಿನದಕ್ಕಿಂತ ಸುಮಾರು 140 ಡಿಗ್ರಿ ಸುತ್ತಿ ಮೂಡುತ್ತದೆ. ಒಂದು ಮರದಲ್ಲಿ ಸುತ್ತು ಎಡಕ್ಕೆ, ಪಕ್ಕದ ಮರದಲ್ಲಿ ಬಲಕ್ಕೆ ಇದ್ದೀತು. ಬಲಮುರಿಗೆ +1, ಎಡಮುರಿಗೆ −1 ಎಂದು ಕೊಟ್ಟರೆ ಆ ಅಂಕವೇ ಹುಸಿ ಅದಿಶ. ಗಾಳಿಗೆ ಉರುಳಿ ಮಲಗಿದರೂ ಬಲಮುರಿ ಮರ ಬಲಮುರಿಯೇ; ಚಿಹ್ನೆ ತಿರುಗಿಸುವುದು ಕನ್ನಡಿ ಮಾತ್ರ. ಬೇಲೂರಿನ ದರ್ಪಣ ಸುಂದರಿ ಶಿಲ್ಪದ ಕೈಯಲ್ಲಿರುವುದು ಕಲ್ಲಿನ ಕನ್ನಡಿ, ಏನನ್ನೂ ತೋರಿಸದು. ಅದು ಗಾಜಿನದಾಗಿದ್ದು, ಎದುರಿಗೆ ಬಲಮುರಿ ಶಂಖ ಹಿಡಿದರೆ ಒಳಗೆ ಕಾಣುವುದು ಎಡಮುರಿ ಶಂಖ.

ಗಣಿತದಲ್ಲಿ ಇದು ಮೂರು ಸದಿಶಗಳ ಗುಣಲಬ್ಧವಾಗಿ ಬರುತ್ತದೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಒಂದಕ್ಕೊಂದು ಲಂಬವಾಗಿ ಚಾಚಿದರೆ ಒಂದು ಪೆಟ್ಟಿಗೆಯ ಮೂರು ಅಂಚು ಸಿಗುತ್ತವೆ. ಗುಣಲಬ್ಧವೆಂದರೆ ಆ ಪೆಟ್ಟಿಗೆಯ ಗಾತ್ರ, ಚಿಹ್ನೆಯ ಸಮೇತ. ಕನ್ನಡಿಯಲ್ಲಿ ಬಲಗೈ ಎಡಗೈಯಾಗುವುದರಿಂದ ಗಾತ್ರ ಅಷ್ಟೇ ಉಳಿದು ಧನ ಋಣವಾಗುತ್ತದೆ. ಪಠ್ಯಪುಸ್ತಕಗಳು ಇದನ್ನು ಬರಿಯ ಅದಿಶವೆಂದು ಕರೆದು, ಚಿಹ್ನೆಯ ತಕರಾರನ್ನು ಎತ್ತದೆ ಮುಂದೆ ಹೋಗುವುದುಂಟು.

ಕಣಗಳಲ್ಲಿ ಹುಸಿ ಅದಿಶಕ್ಕೆ ಪೈಯಾನ್ ಹೆಸರಾಂತ ಉದಾಹರಣೆ. ಭೌತವಿಜ್ಞಾನಿ ಯುಕಾವಾ 1935ರಲ್ಲಿ ಊಹಿಸಿದ ಈ ಕಣ 1947ರಲ್ಲಿ ವಿಶ್ವಕಿರಣಗಳಲ್ಲಿ ಸಿಕ್ಕಿತು. ಇದಕ್ಕೆ ಸ್ಪಿನ್ (ಕಣದ ಸ್ವಂತ ತಿರುಗು) ಇಲ್ಲ, ತೆಂಗಿನಂತೆ ಮುರಿಯೂ ಇಲ್ಲ. ಹುಸಿತನವೆಲ್ಲ ಅದರ ತರಂಗ ಫಲನದಲ್ಲಿ: ಎಡಬಲ, ಹಿಂದುಮುಂದು, ಮೇಲುಕೆಳಗು ಮೂರನ್ನೂ ಅದಲುಬದಲು ಮಾಡಿದರೆ (ಇದು ಕನ್ನಡಿ ಹಿಡಿದು ಅರ್ಧ ಸುತ್ತು ತಿರುಗಿಸಿದಂತೆಯೇ) ಫಲನದ ಚಿಹ್ನೆ ತಿರುಗುತ್ತದೆ. ಡ್ಯೂಟೀರಿಯಂ ನ್ಯೂಕ್ಲಿಯಸ್ ಋಣ ಪೈಯಾನನ್ನು ನುಂಗಿ ಎರಡು ನ್ಯೂಟ್ರಾನ್‌ಗಳಾಗಿ ಒಡೆಯುವುದು 1951ರ ಪ್ರಯೋಗದಲ್ಲಿ ಕಂಡಿತು. ಪೈಯಾನ್ ನಿಜ ಅದಿಶವಾಗಿದ್ದರೆ ಈ ದಾರಿ ಮುಚ್ಚಿರುತ್ತಿತ್ತು.

ಆಕಾಶದಲ್ಲಿ ಹುಟ್ಟುವ ವಿದ್ಯುದಾವೇಶವುಳ್ಳ ಪೈಯಾನ್‌ನ ಸರಾಸರಿ ಆಯಸ್ಸು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ 26 ಪಾಲು. ಅದು ಅಳಿದರೆ ಸಾಮಾನ್ಯವಾಗಿ ಉಳಿಯುವುದು ಒಂದು ಮ್ಯೂಯಾನ್, ಒಂದು ನ್ಯೂಟ್ರಿನೊ. ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಗುರುತು ಸಿಕ್ಕ ನ್ಯೂಟ್ರಿನೊಗಳು ಪೈಯಾನ್ ಮತ್ತು ಅದರ ದಾಯಾದಿ ಕೇಯಾನ್‌ಗಳ ಸಂತಾನ. ನ್ಯೂಟ್ರಿನೊ ಸಾಗುವ ದಿಕ್ಕನ್ನೂ ಅದರ ಸ್ಪಿನ್ನನ್ನೂ ಗುಣಿಸಿದರೆ ಮತ್ತೊಂದು ಹುಸಿ ಅದಿಶ. ತೆಂಗಿನ ತೋಟದ ಮಿಶ್ರಣ ಇಲ್ಲಿಲ್ಲ: ಈವರೆಗೆ ಅಳೆದ ನ್ಯೂಟ್ರಿನೊಗಳು ಎಡಮುರಿ, ಪ್ರತಿನ್ಯೂಟ್ರಿನೊಗಳು ಬಲಮುರಿ.