ಹಬೀಬುರ್ ರೆಹಮಾನರ ಮೌನ

ಆಜ್ಞೆಯಾದ ಮೇಲೆ ಬಾಯಿ ಬಿಡದಿರುವುದು ಕೊಡಗಿನ ಶ್ರೀಮಂಗಲದಂಥ ಸೈನಿಕರ ಸೀಮೆಗೆ ಹೊಸತಲ್ಲ. ಕರ್ನಲ್ ಹಬೀಬುರ್ ರೆಹಮಾನರ ಮೌನದ ಕಥೆ ಅಲ್ಲಿಯವರಿಗೆ ಅಸಂಭವವೆನಿಸದು. 1945ರ ಆಗಸ್ಟ್ 18ರಂದು ತೈಹೊಕುವಿನಲ್ಲಿ ಬಿದ್ದ ವಿಮಾನದಲ್ಲಿ ನೇತಾಜಿ ಸುಭಾಷರೊಡನಿದ್ದ ಭಾರತೀಯರು ಅವರೊಬ್ಬರೇ. ನೇತಾಜಿ ಪಾರಾದರು, ಆಪ್ತನು ಗುಟ್ಟು ಕಾಯಲು ಮಾತು ಕೊಟ್ಟನು ಎಂಬುದು ಹಲವರ ಊಹೆ. ಮುಖರ್ಜಿ ಆಯೋಗವೂ 2005ರಲ್ಲಿ ಅಪಘಾತದ ಮರಣವನ್ನು ಒಪ್ಪಲಿಲ್ಲ. ಮರುವರ್ಷ ಸರ್ಕಾರ ಆ ವರದಿಯನ್ನೇ ತಿರಸ್ಕರಿಸಿತು.

ಆದರೆ ವಾಚಕರೇ, ರೆಹಮಾನರು ನಿಜವಾಗಿ ಮೌನವಾಗಿದ್ದರೇ? ವಿಭಜನೆಯ ಬಳಿಕ ಪಾಕಿಸ್ತಾನ ಸೇರಿದ್ದ ಅವರು 1956ರಲ್ಲಿ ಷಾ ನವಾಜ್ ಸಮಿತಿಯೆದುರು ಬಂದರು. ನೇತಾಜಿ ಸುಟ್ಟಗಾಯಗಳಿಂದ ತೀರಿಕೊಂಡರೆಂದೇ ಸಾಕ್ಷ್ಯ ನುಡಿದರು. ಅವರ ಕೈಗಳಲ್ಲಿಯೂ ಸುಟ್ಟ ಕಲೆಗಳಿದ್ದವು. 1978ರಲ್ಲಿ ಅವರೂ ತೀರಿಕೊಂಡರು. ನಾವು ಬಯಸಿದ ಮಾತು ಬರಲಿಲ್ಲವೆಂದು, ಆಡಿದ ಮಾತನ್ನೇ ಮೌನವೆಂದು ಕರೆಯುವುದು ನ್ಯಾಯವೇ?