ನೌಕರಿ ಅರಸುವವರಿಗೆ ನಾಲ್ಕು ಮಾತು

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಹಳೆಯ ಮಾತನ್ನು ನಮ್ಮ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಹೇಳಿದರೆ ಅಲ್ಲಿ ದುಡಿದ ಹೆಣ್ಣುಮಕ್ಕಳು ನಕ್ಕುಬಿಟ್ಟಾರು. ಈ ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಅವರು ಹಸನು ಮಾಡಿದ ತಂಬಾಕಿನಿಂದ, ಸುತ್ತಿದ ಬೀಡಿಯಿಂದ. ಆ ಘಾಟಿನಲ್ಲಿ ಕೆಮ್ಮುತ್ತಲೇ ಮಕ್ಕಳನ್ನು ಪದವಿಯವರೆಗೆ ಓದಿಸಿದ ತಾಯಂದಿರನ್ನು ನಾನು ಬಲ್ಲೆ. ಅಂಥ ಮನೆಯ ಮಗನೋ ಮಗಳೋ ಕಾಗದಪತ್ರಗಳ ಚೀಲ ಹಿಡಿದು ವರ್ಷಗಟ್ಟಲೆ ಅಲೆದು ಬರಿಗೈಯಲ್ಲಿ ಮರಳಿದರೆ ಆ ತಾಯಿಗೆ ಏನು ಹೇಳುವುದು? ನೌಕರಿಗಳೇ ಕಡಿಮೆ ಎಂಬುದು ನಿಜ. ಆದರೆ ಸಿಗಬಹುದಾದ ನೌಕರಿಯೂ ಸಿದ್ಧತೆಯ ಕೊರತೆಯಿಂದ ತಪ್ಪಿಹೋಗುವುದು ಅದಕ್ಕಿಂತ ಹೆಚ್ಚಿನ ದುಃಖ. ಕೇಳುಗ ಮಿತ್ರರೇ, ಆ ಸಿದ್ಧತೆಯ ಕುರಿತು ನಾಲ್ಕು ಮಾತು.

ಮೊದಲನೆಯದು ಹೆಸರಿನ ವಿಷಯ. ನಮ್ಮದು ಗಡಿಯ ಊರು. ಮರಾಠಿ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು ಬರುವುದುಂಟು; ಕನ್ನಡ ಶಾಲೆಯಲ್ಲಿ ಅದು ಕೊನೆಗೆ. ಇಂಗ್ಲಿಷಿಗೆ ಬರುವಾಗ ಅಕ್ಷರಗಳೂ ಬದಲಾಗುತ್ತವೆ. ನನ್ನ ವಿದ್ಯಾರ್ಥಿಯೊಬ್ಬನು ಒಂದು ಕಚೇರಿಯ ಆಯ್ಕೆಪಟ್ಟಿಯಲ್ಲಿ ಬಂದನು. ದಾಖಲೆ ಪರಿಶೀಲನೆಯ ದಿನ ಅವನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಪದವಿಪತ್ರದಲ್ಲಿ ಇನ್ನೊಂದು. ಸರಿಪಡಿಸಿಕೊಂಡು ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಅವನಿಗೆ ನಾನೂ ಒಂದು ನಡತೆಯ ಪ್ರಮಾಣಪತ್ರ ಬರೆದುಕೊಟ್ಟಿದ್ದೆ. ವಿನಯಶೀಲ, ಪ್ರತಿಭಾವಂತ ಎಂಬ ವಿಶೇಷಣಗಳಿಗೆ ಅದರಲ್ಲಿ ಬರವಿರಲಿಲ್ಲ. ಅವನ ಹೆಸರನ್ನು ಮಾತ್ರ ಮೂರನೆಯದೇ ಒಂದು ರೀತಿಯಲ್ಲಿ ಬರೆದಿದ್ದೆ. ಆ ಪತ್ರವನ್ನು ಅವನು ನನಗೆ ಮರಳಿ ತೋರಿಸಿದ ದಿನವನ್ನು ನಾನಿನ್ನೂ ಮರೆತಿಲ್ಲ. ಆದ್ದರಿಂದ ಎಲ್ಲ ದಾಖಲೆಗಳನ್ನೂ ಇಂದೇ ಎದುರಿಗೆ ಹರಡಿಕೊಂಡು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರಿನೊಡನೆ, ಜನ್ಮದಿನಾಂಕದೊಡನೆ ಹೋಲಿಸಿ ನೋಡಿರಿ. ತಿದ್ದುವುದಿದ್ದರೆ ಅರ್ಜಿ ಕರೆಯುವ ಮೊದಲೇ ತಿದ್ದಿಸಿಕೊಳ್ಳಿರಿ.

ಎರಡನೆಯದು ಪ್ರಮಾಣಪತ್ರಗಳು. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರಕಾರದ ನೇಮಕಾತಿಯಲ್ಲಿ ಶೇಕಡಾ 5ರಷ್ಟು ಮೀಸಲಾತಿಯುಂಟು. ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ ಪ್ರತ್ಯೇಕ ಅವಕಾಶವಿದೆ. ಇದನ್ನು ಓದಿದ ಶಾಲೆಯ ಪ್ರಮಾಣಪತ್ರದಿಂದ ತೋರಿಸಬೇಕು. ಜಾತಿ ಮತ್ತು ಆದಾಯದ ಪತ್ರಗಳನ್ನು ನಾಡಕಚೇರಿಯಲ್ಲಿ ಪಡೆಯಬೇಕು. ಅರ್ಜಿಯ ಕೊನೆಯ ದಿನಾಂಕ ಕಳೆದ ಮೇಲೆ ತಂದ ಪತ್ರ, ಮದುವೆ ಮುಗಿದ ಮೇಲೆ ತಂದ ಬಾಸಿಂಗದಂತೆ.

ಮೂರನೆಯದು ಭಾಷೆ. ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಇನ್ನೊಂದು. ಎರಡೂ ಅರೆಬರೆ ಎಂದು ನಮ್ಮ ತರುಣರು ಕುಗ್ಗುತ್ತಾರೆ. ಕುಗ್ಗಬೇಕಾಗಿಲ್ಲ, ತಿದ್ದಿಕೊಳ್ಳಬೇಕು. ಕರ್ನಾಟಕ ಲೋಕಸೇವಾ ಆಯೋಗದ ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕಗಳದು. ಕನಿಷ್ಠ 50 ಅಂಕ ಬರಲೇಬೇಕು. ಮರಾಠಿ ಶಾಲೆಯಲ್ಲಿ ಓದಿದವರೂ ದಿನಕ್ಕೊಂದು ಪುಟ ಕನ್ನಡ ಓದಿ, ಅದರ ಸಾರಾಂಶವನ್ನು ತಮ್ಮ ಮಾತಿನಲ್ಲಿ ಬರೆದರೆ ಇದು ದುಸ್ಸಾಧ್ಯವಲ್ಲ. 2019ರಲ್ಲಿ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯುವ ಅವಕಾಶ ದೊರೆಯಿತು. ಇತ್ತ, ಬೆಂಗಳೂರು–ಪುಣೆ ಹೆದ್ದಾರಿಯಲ್ಲಿರುವ ನಮ್ಮೂರಿನಿಂದ ಉತ್ತರಕ್ಕೆ ಹೊರಟರೆ ಕಾಗಲ, ಗೋಕುಳ ಶಿರಗಾವಗಳ ಕೈಗಾರಿಕಾ ವಸಾಹತುಗಳೂ ಕೊಲ್ಹಾಪುರದ ಎರಕದ ಕಾರ್ಖಾನೆಗಳೂ ಇವೆ. ಎರಡು ರಾಜ್ಯಗಳ ಗಿರಾಕಿಗಳೊಡನೆ ಅವರವರ ಭಾಷೆಯಲ್ಲಿ ವ್ಯವಹರಿಸಬಲ್ಲವನು ಅಂಥಲ್ಲಿ ಹೆಚ್ಚುವರಿ ಬಂಡವಾಳ ಉಳ್ಳವನೇ ಸರಿ. ಅದನ್ನು ಅರ್ಜಿಯಲ್ಲಿ ಬರೆಯಬೇಕಲ್ಲವೆ?

ಆ ಅರ್ಜಿಯ ಮಾತೇ ನಾಲ್ಕನೆಯದು. ‘ಬಡವನಾಗಿದ್ದೇನೆ, ದಯಮಾಡಿ ನೌಕರಿ ಕೊಡಬೇಕು’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಅದು ಭಿಕ್ಷೆಯ ಧಾಟಿ. ‘ಬಿ.ಕಾಂ. ಓದುತ್ತಲೇ ಎರಡು ವರ್ಷ ಕಿರಾಣಿ ಅಂಗಡಿಯ ಲೆಕ್ಕ ಬರೆದಿದ್ದೇನೆ. ಕನ್ನಡ, ಮರಾಠಿಗಳೆರಡರಲ್ಲೂ ಪತ್ರವ್ಯವಹಾರ ಮಾಡಬಲ್ಲೆ’ ಎಂಬ ಒಂದು ವಾಕ್ಯ ಹತ್ತು ವಿಶೇಷಣಗಳಿಗಿಂತ ಮೇಲು. ಮಾಡಿದ ಕೆಲಸ ಎಷ್ಟೇ ಸಣ್ಣದಿರಲಿ, ಹೇಳಲು ನಾಚಬೇಡಿರಿ. ಸಂದರ್ಶನದಲ್ಲಿಯೂ ಇದೇ ನಿಯಮ: ಬಲ್ಲದ್ದನ್ನು ಉದಾಹರಣೆಸಹಿತ ಹೇಳುವುದು, ತಿಳಿಯದಿದ್ದರೆ ತಿಳಿಯದೆನ್ನುವುದು.

ಒಂದು ಎಚ್ಚರಿಕೆಯ ಮಾತು. ಹಣ ಕೊಟ್ಟರೆ ನೌಕರಿ ಕೊಡಿಸುತ್ತೇನೆನ್ನುವವನಿಗಾಗಿ ಹೊಲ ಮಾರಬೇಡಿರಿ. 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ ನಡೆದ ಪರೀಕ್ಷೆಯು ಅಕ್ರಮದ ಕಾರಣ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆಲವರ ದುರಾಸೆಗೆ ಪ್ರಾಮಾಣಿಕವಾಗಿ ಓದಿ ಬರೆದವರ ವರ್ಷಗಳೂ ತೆರಬೇಕಾಯಿತು.

ಇಂಥ ಕಾಯುವಿಕೆಯ ಕಾಲದಲ್ಲಿ ಕೈ ಬರಿದಾಗಿರಬಾರದು. ಐ.ಟಿ.ಐ. ಮುಗಿಸಿದವರು 1961ರ ಕಾಯಿದೆಯ ಮೇರೆಗೆ ಶಿಷ್ಯವೇತನ ಪಡೆದು ಕಾರ್ಖಾನೆಗಳಲ್ಲಿ ತರಬೇತಿ ಹೊಂದಬಹುದು. ಉಳಿದವರು ಲೆಕ್ಕಪತ್ರ, ಬೆರಳಚ್ಚು, ಮನೆಪಾಠ, ಯಾವುದನ್ನಾದರೂ ಹಿಡಿಯಬಹುದು. ನನ್ನ ಆ ವಿದ್ಯಾರ್ಥಿ ಹಾಗೆಯೇ ಮಾಡಿದನು. ಕೊಲ್ಹಾಪುರದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತ ಅಲ್ಲಿಯೇ ನೆಲೆ ಕಂಡನು. ಕೆಲವು ವರ್ಷಗಳ ಬಳಿಕ ತಂಗಿಯ ಅರ್ಜಿ ತುಂಬಿಸಿಕೊಳ್ಳಲು ನನ್ನಲ್ಲಿಗೆ ಬಂದವನು ಮೊದಲು ಅವಳ ಅಂಕಪಟ್ಟಿಯನ್ನು ತೆರೆದು ನನ್ನೆದುರಿಗೆ ಇಟ್ಟು, ‘ಸರ್, ಮೊದಲು ಹೆಸರು ನೋಡ್ರಿ’ ಎಂದನು. ನಾನು ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರವಾಗಿ ಓದಿದೆ.